ಹೆಲ್ಮೆಟ್ ಒಳಗಿನ ಮಾತು

ಬೈಕ್ ಕಲಿತು ಮೂರನೇ ತಿಂಗಳು. ಸಂಜೆ ಕೆಲಸ ಮುಗಿಸಿ ಮನೆಗೆ ಹೊರಟಿದ್ದೆ. ಎದುರಿಗೆ ಒಂದು ಕಾರು ಇಂಡಿಕೇಟರ್ ಹಾಕಿಕೊಂಡು ನಿಂತಿತ್ತು. ನನ್ನ ದಾರಿ ದಾಟಿ ಪಕ್ಕದ ರಸ್ತೆಗೆ ತಿರುಗಬೇಕಿತ್ತು ಅದು. ಓಡಿಸುತ್ತಿದ್ದವರು ನನ್ನ ಕಡೆಗೇ ನೋಡಿದರು. ನೋಡಿದರಲ್ಲ, ನಾನು ಹೋಗುವವರೆಗೆ ನಿಲ್ಲುತ್ತಾರೆ ಅಂದುಕೊಂಡು ಅದೇ ವೇಗದಲ್ಲಿ ಮುಂದೆ ಹೋದೆ. ಕಾರು ಹೊರಟೇಬಿಟ್ಟಿತು.

ಗಾಬರಿಯಲ್ಲಿ ಕಾಲಿನ ಬ್ರೇಕ್ ಬಲವಾಗಿ ತುಳಿದೆ. ಹಿಂದಿನ ಚಕ್ರ ಲಾಕ್ ಆಗಿ ಬೈಕ್ ಒಂದು ಬದಿಗೆ ಜಾರುತ್ತಾ ಹೋಯಿತು. ನಿಂತಾಗ ಕಾರಿನ ಬಾಗಿಲಿಗೂ ನನ್ನ ಮುಂದಿನ ಚಕ್ರಕ್ಕೂ ಒಂದು ಗೇಣು ಅಂತರ. ಅವರು ಇಳಿದು ಬಂದು, "ಅಯ್ಯೋ, ನೀವು ಬರ್ತಿದ್ದದ್ದು ಕಾಣಲೇ ಇಲ್ಲ ರೀ" ಅಂದರು. ಮುಖ ಬಿಳಿಚಿಕೊಂಡಿತ್ತು. ಸುಳ್ಳು ಹೇಳುವವರ ಮುಖ ಅದಾಗಿರಲಿಲ್ಲ.

ರಾತ್ರಿಯಿಡೀ ಅದೇ ಮಾತು ತಲೆಯಲ್ಲಿ. ಕಣ್ಣು ನನ್ನ ಕಡೆಗೇ ಇತ್ತು, ಆದರೂ ನಾನು ಕಾಣಲಿಲ್ಲ. ಅದು ಹೇಗೆ ಸಾಧ್ಯ ಅಂತ ಓದತೊಡಗಿದೆ.

ನಮ್ಮ ಕಣ್ಣು ರಸ್ತೆಯನ್ನು ಒಂದೇ ಸಮನೆ ಸವರಿಕೊಂಡು ಹೋಗುವುದಿಲ್ಲ. ಒಂದು ಕಡೆ ನಿಂತು, ಇನ್ನೊಂದು ಕಡೆಗೆ ಹಾರುತ್ತದೆ. ಹಾರುವ ಆ ಚಿಕ್ಕ ಹೊತ್ತಿನಲ್ಲಿ ಏನೂ ಸರಿಯಾಗಿ ಕಾಣುವುದಿಲ್ಲ, ಖಾಲಿ ಬಿಟ್ಟ ಜಾಗವನ್ನು ಮಿದುಳೇ ತುಂಬಿಕೊಳ್ಳುತ್ತದೆ. ಬೈಕ್ ಕಿರಿದು, ಆ ಖಾಲಿ ಜಾಗದಲ್ಲಿ ಸುಲಭವಾಗಿ ಮುಚ್ಚಿಹೋಗುತ್ತದೆ. ಕಾರಿನ ಮುಂಗಾಜಿನ ಪಕ್ಕದ ಕಂಬದ ಹಿಂದೆಯೂ ಪೂರ್ತಿ ಅಡಗಿಬಿಡಬಹುದು. ಇನ್ನೊಂದು ವಿಷಯವೂ ಇದೆ. ನೇರವಾಗಿ ನಮ್ಮತ್ತಲೇ ಬರುವ ಚಿಕ್ಕ ವಸ್ತು ದೂರದಲ್ಲಿರುವಾಗ ಚಲಿಸುತ್ತಿದೆ ಅಂತಲೇ ಅನಿಸುವುದಿಲ್ಲ. ತೀರ ಹತ್ತಿರ ಬಂದಾಗ ಒಮ್ಮೆಲೇ ದೊಡ್ಡದಾಗುತ್ತದೆ. ಅಷ್ಟು ಹೊತ್ತಿಗೆ ಕಾಲ ಮೀರಿರುತ್ತದೆ.

ಅಮೆರಿಕದ ಲಾಸ್ ಏಂಜಲೀಸ್ ಸುತ್ತಮುತ್ತ ಹ್ಯಾರಿ ಹರ್ಟ್ ಎಂಬವರ ತಂಡ 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿತ್ತು. ವರದಿ ಬಂದದ್ದು 1981ರಲ್ಲಿ. ಬೇರೆ ವಾಹನ ಸೇರಿದ್ದ ಅಪಘಾತಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು, ಬೈಕ್ ಮೊದಲು ಹೋಗಬೇಕಾದ ಕಡೆ ಆ ವಾಹನವೇ ಅಡ್ಡ ಬಂದಿತ್ತು. ನನಗಾದದ್ದು ಅಪರೂಪದ ಸಂಗತಿಯೇನಲ್ಲ ಅಂತ ಗೊತ್ತಾಯಿತು. ದಾರಿ ನನ್ನದು ಅನ್ನುವುದು ನಿಜವೇ, ಆದರೆ ಅದು ನನ್ನನ್ನು ಕಾಪಾಡುವುದಿಲ್ಲ ಅಂತಲೂ.

ನನಗೆ ಬೈಕ್ ಕಲಿಸಿದವರು ಸೋದರಮಾವ. ನಡೆದದ್ದನ್ನು ಕೇಳಿ ಅವರು ಬೈಯಲಿಲ್ಲ. "ನಾಳೆಯಿಂದ ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳ್ತಾ ಓಡಿಸು. ಹೆಲ್ಮೆಟ್ ಒಳಗೆ ಯಾರಿಗೂ ಕೇಳಿಸಲ್ಲ" ಅಂದರು. ಬ್ರಿಟನ್ನಿನ ಪೊಲೀಸ್ ಚಾಲಕರ ತರಬೇತಿಯಲ್ಲಿ ಇದು ಹಳೆಯ ಪದ್ಧತಿ ಅಂತ ನನಗೆ ಆಮೇಲೆ ತಿಳಿಯಿತು.

ಮೊದಲ ವಾರ ಬರೀ ಹೆಸರು ಹೇಳುತ್ತಿದ್ದೆ. ಮುಂದೆ ಕೆಂಪು ಕಾರು. ನಿಂತ ಬಸ್ಸು. ನಾಯಿ. ಸೈಕಲ್. ಎಷ್ಟೊಂದನ್ನು ನೋಡದೇ ಹೋಗುತ್ತಿದ್ದೆ ಅಂತ ಆಗಲೇ ಅರಿವಾಯಿತು. ಎರಡನೇ ವಾರಕ್ಕೆ ಮಾತು ತಾನಾಗಿಯೇ ಬದಲಾಯಿತು. ನಿಂತ ಬಸ್ಸು, ಅದರ ಮುಂದಿನಿಂದ ಯಾರಾದರೂ ದಾಟಬಹುದು. ಪಕ್ಕದಲ್ಲಿ ನಿಲ್ಲಿಸಿದ ಕಾರಲ್ಲಿ ತಲೆ ಕಾಣ್ತಿದೆ, ಬಾಗಿಲು ತೆಗೆಯಬಹುದು. ಮೆಲ್ಲಗೆ ಸಾಗುತ್ತಿರುವ ವಾಹನಗಳ ಸಾಲಿನಲ್ಲಿ ಒಂದು ಜಾಗ ಮಾತ್ರ ಖಾಲಿ ಇದೆ, ಯಾಕೆ? ಈ ಕೊನೆಯ ಪ್ರಶ್ನೆ ನನ್ನನ್ನು ಎರಡು ಸಲ ಉಳಿಸಿದೆ. ಅಂಥ ಜಾಗ ಸುಮ್ನೆ ಖಾಲಿ ಇರುವುದಿಲ್ಲ. ಯಾರಿಗೋ ಅಡ್ಡ ಹಾಯಲು ದಾರಿ ಬಿಟ್ಟಿರುತ್ತಾರೆ. ಪಕ್ಕದಿಂದ ನುಗ್ಗುವ ನಾವು ಆ ಯಾರಿಗೋ ಕಾಣುವುದೇ ಇಲ್ಲ.

ಕಾಯುತ್ತಾ ನಿಂತ ಕಾರು ಕಂಡರೆ ಈಗ ನಾನು ಓಡಿಸುವವರ ಕಣ್ಣನ್ನು ನಂಬುವುದಿಲ್ಲ. ಮುಂದಿನ ಚಕ್ರ ನೋಡುತ್ತೇನೆ. ಕಾರು ಹೊರಟಾಗ ಚಕ್ರದ ಮೇಲ್ಭಾಗ ಕಾರಿನ ಎರಡು ಪಟ್ಟು ವೇಗದಲ್ಲಿ ಸಾಗುತ್ತದೆ, ಹಾಗಾಗಿ ಅಲುಗಾಟ ಮೊದಲು ಕಾಣುವುದು ಅಲ್ಲೇ. ಅದೇ ಹೊತ್ತಿಗೆ ನನ್ನ ಲೇನ್ ಒಳಗೇ ಸ್ವಲ್ಪ ಪಕ್ಕಕ್ಕೆ ಸರಿಯುತ್ತೇನೆ. ನೇರ ಬರುವ ಬೈಕ್ ನಿಂತಂತೆ ಕಾಣುತ್ತದೆ ಅಂದೆನಲ್ಲ, ಅಡ್ಡಡ್ಡ ಸರಿದರೆ ಅವರ ಕಣ್ಣಿಗೆ ಬೀಳುವ ಸಾಧ್ಯತೆ ಜಾಸ್ತಿ. ಆಕ್ಸಿಲರೇಟರ್ ಬಿಡುತ್ತೇನೆ, ಎರಡು ಬೆರಳು ಮುಂದಿನ ಬ್ರೇಕ್ ಲಿವರ್ ಮೇಲೆ ಇಡುತ್ತೇನೆ. ಗಂಟೆಗೆ 60 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಅಪಾಯ ಕಂಡು ಬೆರಳು ಲಿವರ್ ಹುಡುಕುವಷ್ಟರಲ್ಲೇ ಎಷ್ಟೋ ಮೀಟರ್ ದಾಟಿರುತ್ತೇವೆ. ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರವೂ 30ರಲ್ಲಿ ಬೇಕಾದದ್ದರ ನಾಲ್ಕು ಪಟ್ಟು. ಅದಕ್ಕೇ ಕೂಡುರಸ್ತೆಗೆ ಮೊದಲೇ ವೇಗ ಇಳಿಸುವುದರಲ್ಲಿ ನಾನು ಜಿಪುಣತನ ಮಾಡುವುದಿಲ್ಲ.

ಆದರೆ ಮೊದಲೇ ಕಂಡರೂ ಕೈಗೆ ನಿಲ್ಲಿಸಲು ಬರಬೇಕಲ್ಲ. ಆ ಸಂಜೆ ನಾನು ಮಾಡಿದ್ದು ಕಾಲಿನ ಬ್ರೇಕ್ ತುಳಿದದ್ದಷ್ಟೇ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಹಿಂದಿನ ಚಕ್ರ ಹಗುರಾಗಿ ಬೇಗ ಜಾರುತ್ತದೆ. ಬೈಕನ್ನು ನಿಲ್ಲಿಸುವ ಶಕ್ತಿಯ ಬಹುಪಾಲು ಮುಂದಿನ ಬ್ರೇಕಿನಲ್ಲಿದೆ. ಎರಡು ತಿಂಗಳು, ಪ್ರತಿ ಭಾನುವಾರ ಬೆಳಿಗ್ಗೆ ಖಾಲಿ ಮೈದಾನದ ಡಾಂಬರು ಹಾಕಿದ ಜಾಗದಲ್ಲಿ ಅಭ್ಯಾಸ ಮಾಡಿದೆ. ಮೊದಲು 20ರಲ್ಲಿ, ಆಮೇಲೆ 30, 40. ಹ್ಯಾಂಡಲ್ ನೇರ, ನೋಟ ದೂರಕ್ಕೆ. ಲಿವರ್ ಫಕ್ಕನೆ ಎಳೆಯಬಾರದು. ಮೊದಲು ಮೆಲ್ಲಗೆ ಒತ್ತಿ, ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕ್ ಕೆಳಗೆ ಕೂತಿತು ಅನಿಸಿದ ಮೇಲೆ ಬಲವಾಗಿ ಹಿಂಡಬೇಕು. ಈ ಒಂದು ಅರ್ಧ ಸೆಕೆಂಡಿನ ತಾಳ್ಮೆ ಕಲಿಯಲು ನನಗೆ ಐದು ಭಾನುವಾರ ಹಿಡಿಯಿತು. ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ವ್ಯವಸ್ಥೆ ಇರುವ ಬೈಕಾದರೂ ಈ ಅಭ್ಯಾಸ ಬಿಡಬೇಡಿ.

ಹಿಂದಿನಿಂದ ಬರುವವರನ್ನು ನಾನು ಬಹಳ ದಿನ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಸಿಗ್ನಲ್‌ನಲ್ಲಿ ನಿಂತ ಕೂಡಲೇ ನ್ಯೂಟ್ರಲ್‌ಗೆ ಹಾಕಿ ಆರಾಮಾಗಿ ಇರುತ್ತಿದ್ದೆ. ಈಗ ಮುಂದಿನ ವಾಹನದ ನೇರ ಹಿಂದೆ ನಿಲ್ಲದೆ ಸ್ವಲ್ಪ ಪಕ್ಕಕ್ಕೆ ನಿಲ್ಲುತ್ತೇನೆ, ತಪ್ಪಿಸಿಕೊಳ್ಳಲು ಸಂದು ಇರಲಿ ಅಂತ. ಮೊದಲ ಗೇರ್, ಕ್ಲಚ್ ಹಿಡಿದ ಕೈ, ಕಣ್ಣು ಕನ್ನಡಿಯಲ್ಲಿ. ಬರುತ್ತಿರುವವರು ಕಾಣಲಿ ಅಂತ ಬ್ರೇಕ್ ಲೈಟ್ ಎರಡು ಮೂರು ಸಲ ಮಿನುಗಿಸುತ್ತೇನೆ. ನನ್ನ ಹಿಂದೆ ಒಂದು ವಾಹನ ಪೂರ್ತಿ ನಿಂತ ಮೇಲೆಯೇ ನ್ಯೂಟ್ರಲ್. ಲಾರಿಯ ಪಕ್ಕದಲ್ಲಂತೂ ತಂಗುವುದೇ ಇಲ್ಲ. ಲಾರಿಯ ಕನ್ನಡಿಯಲ್ಲಿ ಚಾಲಕರ ಮುಖ ನನಗೆ ಕಾಣದಿದ್ದರೆ ಅವರಿಗೂ ನಾನು ಕಾಣುವುದಿಲ್ಲ.

ಮಳೆಯ ಬಗ್ಗೆ ಒಂದೇ ಮಾತು. ಶುರುವಾದ ಮೊದಲ ಕೆಲವು ನಿಮಿಷಗಳಲ್ಲಿ ರಸ್ತೆಯ ಎಣ್ಣೆ, ಧೂಳು ಮೇಲೆದ್ದು ತುಂಬಾ ಜಾರುತ್ತದೆ. ಬಿಳಿ ಪಟ್ಟೆ, ಕಬ್ಬಿಣದ ಮುಚ್ಚಳಗಳ ಮೇಲೆ ಬ್ರೇಕ್ ಹಿಡಿಯಬೇಡಿ.

ಬಾಯಿಬಿಟ್ಟು ಹೇಳುವುದರಿಂದ ಇನ್ನೂ ಒಂದು ಉಪಯೋಗ ಸಿಕ್ಕಿತು. ನಾನದನ್ನು ನಿರೀಕ್ಷಿಸಿರಲಿಲ್ಲ. ಒಂದು ಸಲ ದೂರದ ದಾರಿಯಲ್ಲಿ ಹೋಗುವಾಗ, ಬಹಳ ಹೊತ್ತಿನಿಂದ ನಾನು ಏನೂ ಹೇಳಿಯೇ ಇಲ್ಲ ಅಂತ ಹೊಳೆಯಿತು. ಹಿಂದಿನ ತಿರುವು ಹೇಗಿತ್ತು ಅಂತ ನೆನಪಿಸಿಕೊಳ್ಳಲು ನೋಡಿದೆ, ಬರಲಿಲ್ಲ. ನಿದ್ದೆ ಬಂದಿರಲಿಲ್ಲ, ಸುಸ್ತು ಅಂತಲೂ ಅನಿಸಿರಲಿಲ್ಲ. ಆದರೂ ನಾನು ಆ ರಸ್ತೆಯಲ್ಲಿ ಇರಲಿಲ್ಲ. ಬದಿಗೆ ನಿಲ್ಲಿಸಿ, ಹೆಲ್ಮೆಟ್ ತೆಗೆದು ನೀರು ಕುಡಿದು, ಇಪ್ಪತ್ತು ನಿಮಿಷ ಕೂತೆ. ಅವತ್ತಿನಿಂದ ಮಾತು ನಿಂತರೆ ಬೈಕೂ ನಿಲ್ಲುತ್ತದೆ. ಯಾರಾದರೂ ಅಡ್ಡ ಬಂದು ಸಿಟ್ಟು ಬಂದಾಗಲೂ ಅಷ್ಟೇ. ಮನಸ್ಸು ಹಿಂದೆ ಹೋದವರ ಜೊತೆ ಜಗಳ ಮಾಡುತ್ತಿದ್ದರೆ ಮುಂದಿರುವವರು ಕಾಣುವುದಿಲ್ಲ. ಆಗ ಬೇಕಂತಲೇ ಜೋರಾಗಿ ಹೇಳತೊಡಗುತ್ತೇನೆ: ಮುಂದೆ ತಿರುವು, ಮುಂದೆ ಸೈಕಲ್.

ಈಗ ನಾಲ್ಕು ವರ್ಷ ಆಯಿತು. ಬರಬರುತ್ತಾ ಮಾತು ಮನಸ್ಸಿನೊಳಗೇ ನಡೆಯುತ್ತಿತ್ತು, ತುಟಿ ಅಲುಗಾಡುತ್ತಿರಲಿಲ್ಲ. ಹೋದ ತಿಂಗಳು ಬೈಕ್ ಬದಲಾಯಿಸಿದೆ. ಹಳೆಯದಕ್ಕಿಂತ ಭಾರ, ಬ್ರೇಕ್ ಹಿಡಿತವೇ ಬೇರೆ. ಹರ್ಟ್ ವರದಿಯ ಇನ್ನೊಂದು ಅಂಶ ಆಗ ನೆನಪಾಯಿತು. ಅಪಘಾತಕ್ಕೆ ಸಿಕ್ಕಿದ ಸವಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆ ನಿರ್ದಿಷ್ಟ ಬೈಕನ್ನು ಓಡಿಸತೊಡಗಿ ಐದು ತಿಂಗಳೂ ಆಗಿರಲಿಲ್ಲ. ಒಟ್ಟಾರೆ ರಸ್ತೆಯ ಅನುಭವ ಅದಕ್ಕಿಂತ ಎಷ್ಟೋ ಜಾಸ್ತಿ ಇದ್ದರೂ ಸಹ. ಹಾಗಾಗಿ ಭಾನುವಾರದ ಬ್ರೇಕ್ ಅಭ್ಯಾಸ ಮತ್ತೆ ಶುರು. ಮಾತೂ ಮತ್ತೆ ಬಾಯಿಗೆ ಬಂದಿದೆ. ಇವತ್ತು ಬೆಳಿಗ್ಗೆ ಒಂದು ಕೂಡುರಸ್ತೆಯಲ್ಲಿ ಬಿಳಿ ಕಾರೊಂದು ಕಾಯುತ್ತಿತ್ತು. ಚಕ್ರ ನಿಂತಿದೆ, ಚಕ್ರ ನಿಂತಿದೆ ಅನ್ನುತ್ತಾ ಹತ್ತಿರವಾದೆ. ಚಕ್ರ ಅಲುಗಿತು. ಬೆರಳು ಆಗಲೇ ಲಿವರ್ ಮೇಲಿತ್ತು. ಕಾರು ದಾಟಿ ಹೋಗಲು ಬಿಟ್ಟು, ಆಮೇಲೆ ನಾನು ಹೊರಟೆ.