ನಾಲ್ಕು ಫೇಡರ್, ಒಂದು ಸ್ಪ್ರಿಂಗ್ ಪೆಟ್ಟಿಗೆ

ಮೊದಲ ಸಲ ಡಬ್ ಮಿಕ್ಸ್ (ಸಿದ್ಧ ಹಾಡಿನ ದನಿ, ವಾದ್ಯಗಳನ್ನು ಏರಿಸಿ ಇಳಿಸಿ, ಎಕೋ ಬೆರೆಸಿ ಹೊಸದಾಗಿ ಕಟ್ಟುವುದು) ಮಾಡಲು ಕೂತಾಗ ಕಂಪ್ಯೂಟರಿನಲ್ಲಿ 30 ಟ್ರ್ಯಾಕ್ ತೆರೆದಿದ್ದೆ. ಎಕೋ ಎಲ್ಲೆಲ್ಲಿ ಬೀಳಬೇಕು ಅಂತ ಮೌಸ್ ಹಿಡಿದು ಗೆರೆ ಎಳೆಯುವುದರಲ್ಲೇ ಎರಡು ವಾರ ಹೋಯಿತು. ತಪ್ಪೇನೂ ಇರಲಿಲ್ಲ, ಆದರೆ ಕೇಳಿದರೆ ಜೀವವೇ ಇಲ್ಲ.

ಆಗ ಡಬ್‌ಗೆ ರೂಪ ಕೊಟ್ಟ ಸೌಂಡ್ ಎಂಜಿನಿಯರ್ ಕಿಂಗ್ ಟಬ್ಬಿಯ ಕಡೆ ತಿರುಗಿದೆ. ನಿಜವಾದ ಹೆಸರು ಆಸ್ಬೋರ್ನ್ ರಡಕ್. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ, ವಾಟರ್‌ಹೌಸ್ ಬಡಾವಣೆಯ ಡ್ರೊಮಿಲಿ ಅವೆನ್ಯೂನಲ್ಲಿ ಪುಟ್ಟ ಸ್ಟುಡಿಯೊ. ಮೂಲತಃ ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡುತ್ತಿದ್ದವರು. 1970ರ ದಶಕದಲ್ಲಿ ಡೈನಾಮಿಕ್ ಸೌಂಡ್ಸ್ ಸ್ಟುಡಿಯೊದಿಂದ ಎಂಸಿಐ ಕಂಪನಿಯ ಹಳೆಯ ಮಿಕ್ಸರ್ ಕೊಂಡರು. ಬ್ಯಾಂಡ್ ಕೂರಿಸುವಷ್ಟು ಜಾಗ ಅಲ್ಲಿರಲಿಲ್ಲ. ಬೇರೆ ಕಡೆ ರೆಕಾರ್ಡ್ ಆದ ನಾಲ್ಕು ಟ್ರ್ಯಾಕಿನ ಟೇಪ್ ಬರುತ್ತಿತ್ತು, ಅದನ್ನೇ ಫೇಡರ್ (ಒಂದೊಂದು ಟ್ರ್ಯಾಕಿನ ಸದ್ದು ಏರಿಸಿ ಇಳಿಸುವ ಜಾರುಗುಂಡಿ) ಹಿಡಿದು ನುಡಿಸುತ್ತಿದ್ದರು. ಮುಂದೆ ಡಬ್‌ನಲ್ಲಿ ಹೆಸರಾದ ಪ್ರಿನ್ಸ್ ಜಾಮಿ, ಸೈಂಟಿಸ್ಟ್ ಇಬ್ಬರ ಕೈ ಪಳಗಿದ್ದೂ ಅಲ್ಲೇ.

ನಾನೂ ನನ್ನ ಹಾಡನ್ನು ನಾಲ್ಕಕ್ಕೆ ಇಳಿಸಿದೆ: ಡ್ರಮ್ಸ್, ಬೇಸ್, ಗಿಟಾರ್-ಕೀಬೋರ್ಡ್ ಒಟ್ಟಿಗೆ, ಹಾಡಿನ ದನಿ. ಸೆಕೆಂಡ್ ಹ್ಯಾಂಡ್ ಮಿಕ್ಸರ್ ತಂದೆ. ಕೆಟ್ಟುಹೋದ ಗಿಟಾರ್ ಆಂಪ್‌ನಿಂದ ಸ್ಪ್ರಿಂಗ್ ರಿವರ್ಬ್ (ಒಳಗಿನ ಸ್ಪ್ರಿಂಗ್ ಅದುರಿಸಿ ಸದ್ದು ಗುಂಯ್ಗುಡಿಸುವ ಪೆಟ್ಟಿಗೆ) ಬಿಚ್ಚಿಕೊಂಡೆ. ಬೆರಳ ಗೆಣ್ಣಿನಿಂದ ಆ ತಗಡಿನ ಪೆಟ್ಟಿಗೆಗೆ ಮೆಲ್ಲಗೆ ತಟ್ಟಿದರೆ ಸಾಕು, ಗುಡುಗು!

ಕೈಗೆ ಕಷ್ಟವಾದದ್ದು ದನಿ. ಸಾಲಿನ ಕೊನೆಯ ಅಕ್ಷರ ಬರುವಾಗ ಮಾತ್ರ ಎಕೋಗೆ ಹೋಗುವ ನಾಬ್ ತಿರುಗಿಸಬೇಕು, ತಕ್ಷಣ ಫೇಡರ್ ಕೆಳಗೆ. ಹಾಡುವವಳ ದನಿ ನಿಂತಿರುತ್ತದೆ, ಆ ಒಂದಕ್ಷರ ಮಾತ್ರ ಎಕೋದೊಳಗೆ ಸುತ್ತುತ್ತಾ ಬೇಸ್ ಮೇಲೆ ತೇಲುತ್ತದೆ. ಕಣ್ಣು ರೆಪ್ಪೆ ಬಡಿಯುವಷ್ಟು ತಡವಾದರೂ ಅಕ್ಷರ ಕೈತಪ್ಪುತ್ತದೆ.

ಇನ್ನೊಂದು ಹೈಪಾಸ್ ಫಿಲ್ಟರ್, ತಗ್ಗಿನ ಸದ್ದು ಕತ್ತರಿಸಿ ಮೇಲಿನದನ್ನಷ್ಟೇ ಬಿಡುವಂಥದ್ದು. ಟಬ್ಬಿಯ ದೊಡ್ಡ ನಾಬ್ 70 ಹರ್ಟ್ಸ್‌ನಿಂದ 7.5 ಕಿಲೋಹರ್ಟ್ಸ್‌ವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು. ನನ್ನದು ನುಣ್ಣಗೆ ಜಾರುವಂಥದ್ದು, ಆ ಕಚ್ಚು ಸಿಗಲಿಲ್ಲ. ಸುತ್ತ ಕಾಗದದ ಟೇಪ್ ಅಂಟಿಸಿ ಗುರುತು ಹಾಕಿಕೊಂಡೆ, ಗುರುತಿನಿಂದ ಗುರುತಿಗೆ ಚಕ್ಕನೆ ತಿರುಗಿಸಿದೆ. ಡ್ರಮ್ಸ್‌ನ ಹೈಹ್ಯಾಟ್ ತಾಳದ ಸದ್ದು ಚೂರು ಚೂರಾಗಿ ಸೀಳಿ ಬಂತು. ಆ ರಾತ್ರಿ ನಿದ್ದೆ ಬರಲಿಲ್ಲ.

ನಾಲ್ಕನೇ ಸಲ ಮಿಕ್ಸ್ ಮಾಡುವಾಗ ಎಕೋ ತನ್ನನ್ನೇ ತಿಂದು ಊಳಿಡತೊಡಗಿತು. ನಿಲ್ಲಿಸದೆ ಬೇಸ್ ಎತ್ತಿದೆ, ಎಕೋ ತಗ್ಗಿಸಿದೆ. ಆ ಟೇಕನ್ನೇ ಉಳಿಸಿಕೊಂಡಿದ್ದೇನೆ. ಗಿಟಾರ್ ಅರ್ಧ ಬೀಟ್ ತಡವಾಗಿ ಬರುತ್ತದೆ ಅದರಲ್ಲಿ. ತಿದ್ದಿಲ್ಲ.