ಹುಲ್ಲು ಚಾಪೆಯ ಹಾಗೆ ಎದ್ದು ಬಂದರೆ

ಲಾನ್ ಅಲ್ಲಲ್ಲಿ ಹಳದಿಯಾದ ತಕ್ಷಣ ಪೈಪು ಹಿಡಿದು ನಿಲ್ಲಬೇಡಿ. ನಾನೂ ಹಾಗೆ ನಿಂತವಳೇ. ಮೈಸೂರಿನ ನಮ್ಮ ಮನೆ ಮುಂದೆ ಒಂದಿಷ್ಟು ಮೆಕ್ಸಿಕನ್ ಹುಲ್ಲಿದೆ. ಆ ವರ್ಷ ಆಗಸ್ಟ್‌ನಲ್ಲಿ ಮಳೆ ಚೆನ್ನಾಗಿಯೇ ಬರುತ್ತಿತ್ತು, ಆದರೂ ಹುಲ್ಲು ಒಣಗುತ್ತಾ ಹೋಯಿತು, ನಾನು ನೀರು ಸಾಲದೇನೋ ಅಂತ ಇನ್ನಷ್ಟು ಬಿಟ್ಟೆ, ಯೂರಿಯಾನೂ ಎರಚಿದೆ. ಬೆಳಿಗ್ಗೆ ನೋಡಿದರೆ ಗೊರವಂಕ, ಕಾಗೆ ಎಲ್ಲಾ ಸೇರಿ ಹುಲ್ಲು ಕೆದಕುತ್ತಿದ್ದವು. ಮಣ್ಣೊಳಗೆ ಹುಲ್ಲಿನ ಬೇರು ತಿನ್ನುವ ಗೊಣ್ಣೆ ಹುಳು ಇದೆ ಅಂತ ಅವಕ್ಕೆ ನನಗಿಂತ ಮೊದಲೇ ಗೊತ್ತಾಗಿತ್ತು!

ಹಸಿರು ಮುಗಿದು ಹಳದಿ ಶುರುವಾಗುವ ಕಡೆ ಹುಲ್ಲನ್ನು ಮುಷ್ಟಿಯಲ್ಲಿ ಹಿಡಿದು ಎಳೆಯಿರಿ. ಬರೀ ನೀರಿಲ್ಲದೆ ಒಣಗಿದ್ದರೆ ಬೇರು ಬಿಗಿಯಾಗಿ ಹಿಡಿದಿರುತ್ತದೆ. ಗೊಣ್ಣೆ ಹುಳು ಬಿದ್ದಿದ್ದರೆ ಚಾಪೆ ಎತ್ತಿದ ಹಾಗೆ ಎದ್ದು ಬರುತ್ತದೆ, ಕೆಳಗೆ ಬೇರೇ ಇರುವುದಿಲ್ಲ. ಅಲ್ಲೇ ಒಂದು ಅಡಿ ಚೌಕ, ಒಂದು ಗೇಣು ಆಳ ಅಗೆಯಿರಿ. ಬೆಳ್ಳಗೆ ಕೊಬ್ಬಿದ ಹುಳು, ಮಲಗಿದ ನಾಯಿಮರಿ ಹಾಗೆ ಮುದುರಿಕೊಂಡಿರುತ್ತದೆ. ಕಂದು ತಲೆ, ಎದೆ ಹತ್ತಿರ ಮೂರು ಜೊತೆ ಕಾಲು, ಹಿಂಭಾಗದಲ್ಲಿ ತಿಂದ ಮಣ್ಣು ಚರ್ಮದೊಳಗೆ ಕಪ್ಪಗೆ ಕಾಣುತ್ತದೆ. ಒಂದೋ ಎರಡೋ ಸಿಕ್ಕರೆ ಸುಮ್ನೆ ಬಿಟ್ಟುಬಿಡಿ. ಐದು, ಆರು ಸಿಕ್ಕರೆ ಕೆಲಸ ಇದೆ ಅಂತ ಅರ್ಥ.

ಗೊಬ್ಬರದ ಗುಂಡಿಯಲ್ಲಿ ಹೆಬ್ಬೆರಳು ದಪ್ಪದ್ದು ಕಂಡರೆ ಅದು ಸಾಮಾನ್ಯವಾಗಿ ಕುರುವಾಯಿ ಹುಳು, ಅಂದರೆ ತೆಂಗಿನ ಸುಳಿ ಕೊರೆಯುವ ದುಂಬಿಯ ಮರಿ. ಅದು ಹುಲ್ಲಿನ ತಂಟೆಗೆ ಬರುವುದಿಲ್ಲ, ತೆಂಗಿನ ಮರ ಇದ್ದವರು ಮಾತ್ರ ಆರಿಸಿ ತೆಗೆಯಿರಿ.

ಗೊಣ್ಣೆ ಹುಳು ಬೆಳೆದರೆ ದುಂಬಿಯಾಗುತ್ತದೆ. ಹುಳುವಿಗಿಂತ ಆ ದುಂಬಿಯನ್ನು ಹಿಡಿಯುವುದು ಸುಲಭ ಅನ್ನುವುದು ನನ್ನ ಅನುಭವ. ಭರಣಿ ಮಳೆಯೋ ಕೃತ್ತಿಕೆ ಮಳೆಯೋ, ವರ್ಷದ ಮೊದಲ ಜೋರು ಮಳೆ ಬಿದ್ದ ಸಂಜೆ, ಕತ್ತಲಾಗುತ್ತಿದ್ದ ಹಾಗೆ ಕಂದು ದುಂಬಿಗಳು ಮಣ್ಣಿನಿಂದ ಎದ್ದು ಬೇವು, ಜಾಲಿ, ಬೋರೆ, ನುಗ್ಗೆ ಮರಕ್ಕೆ ಹಾರುತ್ತವೆ. ನಮ್ಮ ಬೇವಿನ ಮರದಡಿ ನಿಂತರೆ ಗುಂಯ್ ಅನ್ನುವ ಸದ್ದು ಕೇಳುತ್ತದೆ. ನಾನು ಕೆಳಗೆ ಹಳೇ ಬೆಡ್‌ಶೀಟ್ ಹಾಸುತ್ತೇನೆ, ಮೊಮ್ಮಗ ದೋಟಿಯಲ್ಲಿ ಕೊಂಬೆ ಅಲ್ಲಾಡಿಸುತ್ತಾನೆ, ಪಟಪಟ ಉದುರಿದ್ದನ್ನೆಲ್ಲಾ ಸೋಪಿನ ನೀರಿನ ಬಕೆಟ್‌ಗೆ ಸುರಿಯುತ್ತೇವೆ. ಮೊದಲು ಸೀಮೆಎಣ್ಣೆ ಹಾಕುತ್ತಿದ್ದೆವು, ಈಗ ಅದು ಸಿಗಬೇಕಲ್ಲ. ಮೂರು ನಾಲ್ಕು ಸಂಜೆ ಹೀಗೆ ಮಾಡಿದರೆ ಅಷ್ಟು ಮೊಟ್ಟೆ ಮಣ್ಣಿಗೆ ಬೀಳುವುದು ತಪ್ಪುತ್ತದೆ. ಲಾನ್ ಪಕ್ಕದ ದೀಪವನ್ನೂ ಆ ದಿನಗಳಲ್ಲಿ ಆರಿಸಿಡಿ, ಬೆಳಕಿಗೂ ಬರುತ್ತವೆ.

ಹುಳು ಆಗಲೇ ಬಿದ್ದಿದ್ದರೆ ಮೆಟಾರೈಜಿಯಂ ಅನ್ನುವ ಶಿಲೀಂಧ್ರದ ಪುಡಿ ತನ್ನಿ. ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಚೆನ್ನಾಗಿ ಕೊಳೆತ ಗೊಬ್ಬರಕ್ಕೆ ಬೆರೆಸಿ, ಒದ್ದೆ ಗೋಣಿಚೀಲ ಮುಚ್ಚಿ ನೆರಳಲ್ಲಿ ಹತ್ತು ಹದಿನೈದು ದಿನ ಇಟ್ಟು, ಆಮೇಲೆ ಸಂಜೆ ಹೊತ್ತು ತೇವದ ಮಣ್ಣಿಗೆ ಹರಡಬೇಕು. ಹುಳು ಚಿಕ್ಕದಿರುವ ಜೂನ್, ಜುಲೈನಲ್ಲೇ ಹಾಕಿದರೆ ಕೆಲಸ ಚೆನ್ನಾಗಿ ಆಗುತ್ತದೆ. ಜೊತೆಗೆ ಬೇವಿನ ಹಿಂಡಿ, ಹತ್ತು ಅಡಿ ಉದ್ದಗಲಕ್ಕೆ ಒಂದು ಕೆಜಿ ಸಾಕು. ಹಸಿ ಸಗಣಿ, ಅರೆಕೊಳೆತ ಗೊಬ್ಬರ ಮಾತ್ರ ಲಾನ್ ಹತ್ತಿರವೂ ತರಬೇಡಿ. ನಾನು ಅಗ್ಗಕ್ಕೆ ಸಿಕ್ಕಿತು ಅಂತ ಒಂದು ಲೋಡು ಹೊಡೆಸಿದ್ದೆ, ದುಂಬಿಗೆ ಕರೆದು ಊಟ ಹಾಕಿದ ಹಾಗಾಯಿತು.

ಅಂಗಡಿಯಲ್ಲಿ ಕೇಳಿದರೆ ಯಾವುದಾದರೂ ವಿಷದ ಕಾಳು ಕೊಡುತ್ತಾರೆ. ಹಿಂದೆ ಎಲ್ಲರೂ ಹಾಕುತ್ತಿದ್ದ ಫೋರೇಟ್ ಅನ್ನು 2020ರ ಕೊನೆಗೆ ಸರ್ಕಾರವೇ ನಿಲ್ಲಿಸಿದೆ. ಮಕ್ಕಳು ಉರುಳಾಡುವ ಜಾಗಕ್ಕೆ ಅಂಥದ್ದೆಲ್ಲಾ ಯಾಕೆ, ಅಲ್ವಾ?

ಎದ್ದ ಹುಲ್ಲನ್ನು ಬಿಸಾಡಬೇಡಿ. ಹುಳು ಆರಿಸಿ, ಮಣ್ಣು ಸಡಿಲ ಮಾಡಿ, ಒಂದು ಮುಷ್ಟಿ ಮರಳು ಗೊಬ್ಬರ ಹಾಕಿ ವಾಪಸ್ ಒತ್ತಿ, ದಿನಾ ಸ್ವಲ್ಪ ನೀರು ಕೊಡಿ. ಮುಂದೆ ಅಗೆಯುವಾಗ ಹಸಿರು ಬೂಷ್ಟು ಹಿಡಿದು ಸತ್ತ ಹುಳು ಸಿಕ್ಕರೆ ಅದು ಮೆಟಾರೈಜಿಯಂ ಮಾಡಿದ ಕೆಲಸ. ಎತ್ತಿ ಎಸೆಯಬೇಡಿ, ಅಲ್ಲೇ ಮಣ್ಣು ಮುಚ್ಚಿಬಿಡಿ.