ಮೊದಲ ವಾಯಿದೆಗೂ ಮುನ್ನ: ಕೌಟುಂಬಿಕ ವ್ಯಾಜ್ಯ ಬೇಗ ಮುಗಿಯಲು ಮಾಡಬೇಕಾದ ಕೆಲಸಗಳು

ಜೀವನಾಂಶ, ವಿಚ್ಛೇದನ ಮತ್ತು ಮಕ್ಕಳ ಸುಪರ್ದಿಯ ಪ್ರಕರಣಗಳು ವರ್ಷಗಟ್ಟಲೆ ಎಳೆಯುವುದಕ್ಕೆ ಗಂಡಹೆಂಡಿರ ಸಿಟ್ಟಿಗಿಂತ ದೊಡ್ಡ ಕಾರಣ, ಹಣದ ವಿಷಯದಲ್ಲಿ ಇಬ್ಬರೂ ಬಾಯಿ ಬಿಡದಿರುವುದು. ಸಂಬಳ ಎಷ್ಟು, ಮನೆ ಸಾಲ ಯಾರ ಹೆಸರಿನಲ್ಲಿದೆ, ಒಡವೆ ಯಾವ ಲಾಕರ್‌ನಲ್ಲಿದೆ ಎಂಬುದಕ್ಕೆ ಉತ್ತರ ಸಿಗದೆ ವಾಯಿದೆಯ ಮೇಲೆ ವಾಯಿದೆ ಬೀಳುತ್ತದೆ. ಇದನ್ನು ತಪ್ಪಿಸಲೆಂದೇ ಸುಪ್ರೀಂ ಕೋರ್ಟ್ 2020ರ ನವೆಂಬರ್ 4ರಂದು, ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ, ಜೀವನಾಂಶದ ಪ್ರತಿಯೊಂದು ಪ್ರಕರಣದಲ್ಲೂ ಎರಡೂ ಕಡೆಯವರು ತಮ್ಮ ಆಸ್ತಿ ಮತ್ತು ಹೊಣೆಗಾರಿಕೆಗಳ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಬೇಕೆಂದು ಆದೇಶಿಸಿತು. ಅದು ಸರಿಯಾಗಿ ಪಾಲನೆಯಾಗುತ್ತಿಲ್ಲವೆಂದು ಕಂಡು 2023ರ ನವೆಂಬರ್‌ನಲ್ಲಿ ಮತ್ತೊಮ್ಮೆ ಎಲ್ಲ ನ್ಯಾಯಾಲಯಗಳಿಗೆ ನೆನಪಿಸಿತು. ಈ ಪತ್ರವನ್ನು ನೆಟ್ಟಗೆ ಬರೆದವರು ರಾಜಿಗೆ ಅರ್ಧ ದಾರಿ ತಲುಪಿದಂತೆಯೇ. ಆದರೆ ಹೆಚ್ಚಿನವರು ಎಡವುವುದೂ ಇಲ್ಲಿಯೇ.

ಮೊದಲನೆಯದಾಗಿ, ದಾವೆ ಹೂಡುವ ಮುನ್ನ ನಿಮ್ಮ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೋ ತಾಲ್ಲೂಕು ಸಮಿತಿಗೋ ವ್ಯಾಜ್ಯಪೂರ್ವ ಸಂಧಾನಕ್ಕಾಗಿ ಅರ್ಜಿ ಕೊಡಿ. ಸಹಾಯವಾಣಿಯ ಸಂಖ್ಯೆ 15100. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. ಮಧ್ಯಸ್ಥಿಕೆ ಕೇಂದ್ರಗಳು ವ್ಯಾಜ್ಯಪೂರ್ವ ವಿಭಾಗವನ್ನು ತೆರೆಯಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಬೆಂಗಳೂರಿನಲ್ಲಿ ಮಧ್ಯಸ್ಥಿಕೆ ಕೇಂದ್ರ 2007ರಿಂದ ನಡೆಯುತ್ತಿದೆ. ಮನೆಯಲ್ಲಿ ಹೊಡೆತ, ಬೆದರಿಕೆ ನಡೆಯುತ್ತಿದ್ದರೆ ಮಾತ್ರ ಈ ಹೆಜ್ಜೆಯನ್ನು ಬದಿಗಿಡಿ. ಆಗ ಮೊದಲು ಬೇಕಾದದ್ದು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ರಕ್ಷಣಾ ಆದೇಶ. ಹೆದರಿ ಕುಳಿತವರನ್ನು ಮಾತುಕತೆಯ ಮೇಜಿಗೆ ಎಳೆದು ತರುವುದು ಸಂಧಾನವಲ್ಲ.

ಎರಡನೆಯದು ಪ್ರಮಾಣಪತ್ರ. ನಮೂನೆಯನ್ನು ಸುಪ್ರೀಂ ಕೋರ್ಟ್ ತೀರ್ಪಿನ ಅನುಬಂಧದಿಂದಲೇ ತೆಗೆದುಕೊಳ್ಳಿ. ನ್ಯಾಯಾಲಯದ ಸುತ್ತಮುತ್ತ ಸಿಗುವ ಸಿದ್ಧ ನಮೂನೆಗಳನ್ನು ಕೊಳ್ಳಬೇಡಿ. ಜೀವನಾಂಶಕ್ಕೆ ಸಂಬಂಧಿಸಿದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು ಬಂದಿದ್ದರೂ, ಅವುಗಳಲ್ಲಿ ಕೆಲವು ಇನ್ನೂ 125 ಎಂದೇ ಅಚ್ಚಾಗಿ ಬರುತ್ತಿವೆ. ಭರ್ತಿ ಮಾಡುವ ಕೆಲಸವನ್ನು ವಕೀಲರ ಗುಮಾಸ್ತರ ಕೈಗೆ ಬಿಡದೆ, ಮೊದಲ ಪ್ರತಿಯನ್ನು ನಿಮ್ಮ ಕೈಯಾರೆ ಪೆನ್ಸಿಲಿನಲ್ಲಿ ಬರೆಯಿರಿ. ಪ್ರಮಾಣ ಮಾಡುವವರು ನೀವು, ಗುಮಾಸ್ತರಲ್ಲ.

ಬರೆಯುವ ಮುನ್ನ ಕಾಗದಗಳನ್ನು ಒಟ್ಟುಮಾಡಿಕೊಳ್ಳಿ. ಸಂಬಳದ ಚೀಟಿಗಳು, ಆದಾಯ ತೆರಿಗೆ ವಿವರ, ಎಲ್ಲ ಬ್ಯಾಂಕ್ ಖಾತೆಗಳ ಪಟ್ಟಿ, ಭವಿಷ್ಯನಿಧಿ, ವಿಮೆ, ಠೇವಣಿ, ಷೇರು, ಚೀಟಿ ವ್ಯವಹಾರ, ಕೈಸಾಲ, ಇವೆಲ್ಲ ಬೇಕು. ತೆರಿಗೆ ವಿವರವೊಂದನ್ನೇ ಲಗತ್ತಿಸಿದರೆ ಸಾಕೆಂಬ ಅಡ್ಡದಾರಿ ನಡೆಯುವುದಿಲ್ಲ, ಏಕೆಂದರೆ ಬಾಡಿಗೆ, ಕಮಿಷನ್, ಅಂಗಡಿಯ ನಗದು ವಹಿವಾಟು ಅದರಲ್ಲಿ ಪೂರ್ತಿ ಕಾಣುವುದೇ ಅಪರೂಪ.

ಕೃಷಿ ಕುಟುಂಬದವರಿಗೆ ಪ್ರತ್ಯೇಕ ನಮೂನೆಯಿದೆ, ಅದನ್ನೇ ಬಳಸಿ. ಜಮೀನಿನ ಒಟ್ಟು ವಿಸ್ತೀರ್ಣ ಅಥವಾ ಅದರಲ್ಲಿ ನಿಮ್ಮ ಪಾಲು, ತರಿಯೋ ಖುಷ್ಕಿಯೋ, ಬೆಳೆ ಯಾವುದು, ಹಿಂದಿನ 3 ವರ್ಷಗಳ ಆದಾಯ, ಗುತ್ತಿಗೆಗೆ ಪಡೆದ ಭೂಮಿ, ದನಕರು, ಸಾಲ, ಎಲ್ಲಕ್ಕೂ ಅಲ್ಲಿ ಜಾಗವಿದೆ. ಪಹಣಿ ತಂದೆಯ ಹೆಸರಿನಲ್ಲಿದೆ ಎಂಬ ಕಾರಣಕ್ಕೆ ‘ಜಮೀನಿಲ್ಲ’ ಎಂದು ಬರೆದು ಕೈತೊಳೆದುಕೊಳ್ಳುವವರು ಬಹಳ. ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲಿದ್ದರೆ ಅದನ್ನು ತೋರಿಸಿ, ವಿಭಾಗವಾಗಿಲ್ಲದಿದ್ದರೆ ವಿಭಾಗವಾಗಿಲ್ಲವೆಂದು ಸ್ಪಷ್ಟವಾಗಿ ಬರೆಯಿರಿ.

ಎಲ್ಲಕ್ಕಿಂತ ಹೆಚ್ಚು ಕೆಡುವುದು ತಿಂಗಳ ಖರ್ಚಿನ ಕಾಲಮು. ಆದಾಯ ತಿಂಗಳಿಗೆ 22,000 ರೂಪಾಯಿ ಎಂದು ಬರೆದವರು ಅದೇ ಪತ್ರದ ಇನ್ನೊಂದು ಪುಟದಲ್ಲಿ ಕಾರಿನ ಕಂತು 19,000 ರೂಪಾಯಿ ಎಂದು ತೋರಿಸಿದರೆ, ನ್ಯಾಯಾಧೀಶರು ಮುಂದಿನ ಒಂದು ಸಾಲನ್ನೂ ನಂಬುವುದಿಲ್ಲ. ಇನ್ನೊಂದು ಕಡೆಯವರು ಬಾಡಿಗೆ 10,000, ಔಷಧ 10,000, ಶಾಲೆ 10,000 ಎಂದು ದುಂಡು ಅಂಕಿಗಳನ್ನು ಜೋಡಿಸಿದರೆ ಅವರ ನಿಜವಾದ ಕಷ್ಟವೂ ಸುಳ್ಳಿನಂತೆ ಕಾಣುತ್ತದೆ. ಕರೆಂಟ್ ಬಿಲ್ಲು, ಹಾಲು, ಶಾಲಾ ವಾಹನ, ಅತ್ತೆಯ ಸಕ್ಕರೆ ಕಾಯಿಲೆಯ ಮಾತ್ರೆ, ಪ್ರತಿಯೊಂದನ್ನೂ ಇದ್ದಷ್ಟೇ ಬರೆದು ರಸೀದಿ ಇಡಿ. ಬೇರೆ ನ್ಯಾಯಾಲಯದಲ್ಲಿ ಈಗಾಗಲೇ ಜೀವನಾಂಶ ಪಡೆಯುತ್ತಿದ್ದರೆ ಅಥವಾ ಕೊಡುತ್ತಿದ್ದರೆ ಅದನ್ನೂ ಬಹಿರಂಗಪಡಿಸಬೇಕು. ಸುಳ್ಳು ಹೇಳಿಕೆಗೆ ಕ್ರಿಮಿನಲ್ ಕ್ರಮ ಜರುಗಬಹುದು. ಮುಂದೆ ಕೆಲಸ ಹೋದರೆ, ಸಂಬಳ ಏರಿದರೆ ತಿದ್ದುಪಡಿ ಪತ್ರ ಸಲ್ಲಿಸಲು ಅವಕಾಶವಿದೆ. ಹಾಗಾಗಿ ನಾಳೆಯ ಭಯದಿಂದ ಇವತ್ತಿನ ಅಂಕಿಯನ್ನು ತಿರುಚುವ ಅಗತ್ಯವೇ ಇಲ್ಲ.

ಎದುರು ಕಡೆಯವರು ಹೆಚ್ಚೆಂದರೆ 4 ವಾರಗಳಲ್ಲಿ ಉತ್ತರದ ಜೊತೆಗೆ ತಮ್ಮ ಪತ್ರ ಕೊಡಬೇಕು; ಎರಡಕ್ಕಿಂತ ಹೆಚ್ಚು ಅವಕಾಶ ಕೊಡಬಾರದೆಂಬುದು ನಿರ್ದೇಶನ. ಪತ್ರಗಳು ಬಂದ ಮೇಲೆ 4ರಿಂದ 6 ತಿಂಗಳಲ್ಲಿ ಮಧ್ಯಂತರ ಜೀವನಾಂಶ ತೀರ್ಮಾನವಾಗಬೇಕು. ಬಡತನ ರೇಖೆಗಿಂತ ಕೆಳಗಿರುವವರಿಗೂ ದಿನಗೂಲಿಯವರಿಗೂ ಈ ಪತ್ರದಿಂದ ವಿನಾಯಿತಿಯಿದೆ.

ಮೂರನೆಯದಾಗಿ ಮಧ್ಯಸ್ಥಿಕೆಯಲ್ಲಿ ಕೂರುವುದು. ದಾವೆ ಹೂಡಿದ್ದರೂ ಇದು ತಪ್ಪುವುದಿಲ್ಲ, ಏಕೆಂದರೆ 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 9ನೇ ಕಲಮು ಮೊದಲು ರಾಜಿಗೆ ಯತ್ನಿಸುವ ಹೊಣೆಯನ್ನು ನ್ಯಾಯಾಲಯಕ್ಕೇ ವಹಿಸಿದೆ. ಅಲ್ಲಿ ಆಡಿದ ಮಾತು ಗೋಪ್ಯ. ಇಬ್ಬರೇ ಹೋಗಿ, ಸೋದರಮಾವ, ಚಿಕ್ಕಪ್ಪಂದಿರನ್ನು ಹೊರಗೆ ಕೂರಿಸಿ.

ನಾಲ್ಕನೆಯದು ರಾಜಿ ಒಪ್ಪಂದ. ‘ಮಗುವಿನ ವಿದ್ಯಾಭ್ಯಾಸವನ್ನು ತಂದೆ ನೋಡಿಕೊಳ್ಳತಕ್ಕದ್ದು’ ಎಂಬ ಒಂದೇ ವಾಕ್ಯದಿಂದ ಎರಡನೇ ಸುತ್ತಿನ ವ್ಯಾಜ್ಯ ಹುಟ್ಟುತ್ತದೆ. ಶುಲ್ಕವೆಂದರೆ ಬೋಧನಾ ಶುಲ್ಕ ಮಾತ್ರವೋ, ಸಮವಸ್ತ್ರ, ಪುಸ್ತಕ, ಟ್ಯೂಷನ್ ಸೇರಿವೆಯೋ, ಯಾವ ತಾರೀಖಿನೊಳಗೆ ಯಾವ ಖಾತೆಗೆ ಹಣ ಬರಬೇಕು, ತಡವಾದರೆ ಏನು, ಎಲ್ಲವೂ ಕಾಗದದ ಮೇಲಿರಲಿ. ಭೇಟಿಯ ಹಕ್ಕಿನಲ್ಲಿ ವಾರ ಮತ್ತು ಗಂಟೆಗಳ ಜೊತೆಗೆ ದಸರಾ ರಜೆ, ಬೇಸಿಗೆ ರಜೆ, ಮಗುವಿನ ಹುಟ್ಟುಹಬ್ಬ, ಕರೆದೊಯ್ಯುವ ಮತ್ತು ಮರಳಿಸುವ ಸ್ಥಳ ನಮೂದಾಗಬೇಕು. ಹಣವನ್ನು ನಗದಾಗಿ ಕೊಡುವ ಷರತ್ತನ್ನು ಒಪ್ಪಲೇಬೇಡಿ, ಬ್ಯಾಂಕ್ ಮೂಲಕವೇ ಸಾಗಲಿ. ತಾಯಿ ತನ್ನ ಜೀವನಾಂಶ ಬಿಟ್ಟುಕೊಟ್ಟರೂ ಮಗುವಿನ ಹಕ್ಕು ಅದರಿಂದ ಅಳಿಯುವುದಿಲ್ಲ. ವರದಕ್ಷಿಣೆ ಕಿರುಕುಳದ ಪ್ರಕರಣವಿದ್ದರೆ ಅದು ರಾಜಿಯಾದ ಮಾತ್ರಕ್ಕೆ ತಾನಾಗಿ ಮುಗಿಯುವುದಿಲ್ಲ. ರದ್ದತಿಗೆ ಹೈಕೋರ್ಟ್‌ಗೆ ಅರ್ಜಿ ಹಾಕುವವರು ಯಾರು, ಸಹಕರಿಸುವವರು ಯಾರು ಎಂಬುದನ್ನೂ ಬರೆಯಿರಿ.

ಛಾಪಾ ಕಾಗದದ ಮೇಲೆ ನೋಟರಿ ಮುಂದೆ ಬರೆಸಿಕೊಳ್ಳುವ ‘ಬಿಡುಗಡೆ ಪತ್ರ’ಕ್ಕೆ ದುಡ್ಡು ಸುರಿಯಬೇಡಿ. ರೂಢಿಯ ವಿಚ್ಛೇದನವಿದೆಯೆಂದು ಸಾಬೀತು ಮಾಡಬಲ್ಲ ಸಮುದಾಯಗಳನ್ನು ಬಿಟ್ಟರೆ, ಹಿಂದೂ ವಿವಾಹ ಕಾಯ್ದೆಯಡಿ ಅದರಿಂದ ಮದುವೆ ಮುರಿಯುವುದಿಲ್ಲ, ಎರಡನೇ ಮದುವೆ ಅಪರಾಧವಾಗುತ್ತದೆ.

ಬೇರೆಯಾಗಲು ಇಬ್ಬರೂ ಒಪ್ಪಿದ್ದರೆ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ ಜಂಟಿ ಅರ್ಜಿ ಸಲ್ಲಿಸಬಹುದು. ಅದಕ್ಕೆ ಕನಿಷ್ಠ 1 ವರ್ಷ ಪ್ರತ್ಯೇಕವಾಗಿ ಬದುಕಿರಬೇಕು. ಬಳಿಕ 6 ತಿಂಗಳ ಕಾಯುವಿಕೆ. ಮೊದಲ ಅರ್ಜಿಯ ವೇಳೆಗೇ ಒಂದೂವರೆ ವರ್ಷ ಕಳೆದಿದ್ದು, ಒಂದಾಗಿಸುವ ಯತ್ನಗಳೆಲ್ಲ ವಿಫಲವಾಗಿದ್ದು, ಜೀವನಾಂಶ ಮತ್ತು ಸುಪರ್ದಿಯ ವಿಷಯ ನಿಜವಾಗಿ ಇತ್ಯರ್ಥವಾಗಿದ್ದರೆ ಈ 6 ತಿಂಗಳನ್ನು ನ್ಯಾಯಾಲಯ ಮನ್ನಾ ಮಾಡಬಹುದೆಂದು ಅಮರದೀಪ್ ಸಿಂಗ್ ಪ್ರಕರಣದಲ್ಲಿ 2017ರಲ್ಲಿ ತೀರ್ಪಾಗಿದೆ. ಮನ್ನಾ ಕೋರುವ ಅರ್ಜಿಯನ್ನು ಮೊದಲ ಅರ್ಜಿ ಹಾಕಿದ ಒಂದು ವಾರದ ನಂತರ ಸಲ್ಲಿಸಬಹುದು.

ಇಬ್ಬರ ಒಪ್ಪಿಗೆಯಿಂದ ಕೌಟುಂಬಿಕ ನ್ಯಾಯಾಲಯ ನೀಡಿದ ಡಿಕ್ರಿಯ ವಿರುದ್ಧ ಮೇಲ್ಮನವಿ ಇಲ್ಲವೆಂದು ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 19ನೇ ಕಲಮು ಹೇಳುತ್ತದೆ. ಆದ್ದರಿಂದ ಒಪ್ಪಂದದ ಕರಡಿಗೆ ಅದೇ ಸಂಜೆ ಸಹಿ ಹಾಕದೆ, ಒಂದು ದಿನ ಕೇಳಿ ಪಡೆದು, ಪ್ರತಿ ಮೊತ್ತವನ್ನೂ ಪ್ರತಿ ತಾರೀಖನ್ನೂ ನಿಮ್ಮ ಪ್ರಮಾಣಪತ್ರದ ಪಕ್ಕದಲ್ಲಿಟ್ಟು ತಾಳೆ ನೋಡಿ, ಆಮೇಲೆ ಸಹಿ ಹಾಕಿ.